ಮಲೆನಾಡಿನ ಬಸ್ಸುಗಳನ್ನು ಒಂದುಗೂಡಿಸಲು ಯಾವ ದಾರಿ ಒಳ್ಳೆಯದು? ನಾಲ್ಕು ದಾರಿಗಳ ಹೋಲಿಕೆ

ಕಳೆದ ಮಳೆಗಾಲದ ಒಂದು ಸಂಜೆ. ಅಮ್ಮನ ಕಣ್ಣು ತೋರಿಸಿಕೊಂಡು ಶಿವಮೊಗ್ಗಕ್ಕೆ ಬಂದು ಇಳಿದೆವು. ಅಲ್ಲಿಂದ ಹೊಸನಗರದ ಕಡೆಗೆ ಹೋಗುವ ಕೊನೆಯ ಬಸ್ಸು ಹಿಡಿಯಬೇಕಿತ್ತು. ಕಣ್ಣಿಗೆ ಹಾಕಿದ ಔಷಧಿಯಿಂದ ಅಮ್ಮನಿಗೆ ಎದುರಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ನನ್ನ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಅಮ್ಮನ ಕೈ. ನೀರು ನಿಂತ ಗುಂಡಿಗಳನ್ನು ತಪ್ಪಿಸಿಕೊಂಡು, ಆಟೋಗಳ ಮಧ್ಯೆ ನುಸುಳಿಕೊಂಡು ಬಸ್ಸು ನಿಲ್ಲುವ ಜಾಗಕ್ಕೆ ಬರುವಷ್ಟರಲ್ಲಿ ಅದು ಗೇಟು ದಾಟಿತ್ತು. ಮಳೆಯಲ್ಲಿ ಅದರ ಹಿಂದಿನ ಕೆಂಪು ದೀಪ ಮಾತ್ರ ಕಂಡಿತು. ಪಕ್ಕದಲ್ಲಿದ್ದ ಏಜೆಂಟ್, "ಈಗಷ್ಟೇ ಹೋಯ್ತಲ್ಲ ಅಕ್ಕ, ಎರಡು ನಿಮಿಷ ಆಗಿಲ್ಲ" ಅಂದ.

ಇದರಲ್ಲಿ ಯಾರ ತಪ್ಪೂ ಇಲ್ಲ. ನಾವು ಬಂದ ಬಸ್ಸು ಮಳೆಗೆ ಸ್ವಲ್ಪ ತಡವಾಗಿತ್ತು. ಹೊರಟ ಬಸ್ಸು ತನ್ನ ಟೈಮಿಗೆ ಸರಿಯಾಗಿ ಹೊರಟಿತ್ತು. ಆ ಎರಡು ಬಸ್ಸುಗಳನ್ನು ಜೋಡಿಸುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ಆ ರಾತ್ರಿ ನೆಂಟರ ಮನೆಯಲ್ಲಿ ಉಳಿದೆವು. ನೆಂಟರು ಇಲ್ಲದವರು ಏನು ಮಾಡುತ್ತಾರೆ ಅನ್ನುವ ಯೋಚನೆಗೆ ನನಗೆ ನಿದ್ದೆ ಹತ್ತಲಿಲ್ಲ.

ಆಮೇಲೆ ನಮ್ಮೂರಲ್ಲಿ ಇದರ ಬಗ್ಗೆ ತುಂಬಾ ಮಾತಾಯಿತು. "ಎಲ್ಲ ಬಸ್ಸನ್ನೂ ಗೌರ್ಮೆಂಟೇ ತಗೊಳ್ಳಲಿ" ಅಂತ ಕೆಲವರು. "ಇರೋ ಪ್ರೈವೇಟ್ ಬಸ್ಸೂ ಹೋದ್ರೆ ನಮ್ಮ ಗತಿ ಏನು?" ಅಂತ ಇನ್ನು ಕೆಲವರು. ಎರಡೂ ಮಾತಿನಲ್ಲಿ ಹುರುಳಿದೆ. ಒಂದು ದೊಡ್ಡ ಪ್ರದೇಶದ ಬಸ್ಸು, ರೈಲುಗಳನ್ನು ಒಂದುಗೂಡಿಸುವ ಕೆಲಸ ದೇಶ ವಿದೇಶಗಳ ಮಹಾನಗರಗಳಲ್ಲಿ ನಡೆದಿದೆ. ಕೆಲವು ಕಡೆ ಗೆದ್ದಿದೆ, ಕೆಲವು ಕಡೆ ಅರ್ಧಕ್ಕೆ ನಿಂತಿದೆ. ಅವನ್ನು ನಮ್ಮ ಘಟ್ಟ, ನಮ್ಮ ಮಳೆ, ನಮ್ಮ ಒಂಟಿ ಮನೆಗಳ ಪಕ್ಕ ಇಟ್ಟು ನೋಡೋಣ.

ಮೊದಲು, ನಮ್ಮಲ್ಲಿ ಎಷ್ಟು ಜನ ಬಸ್ಸು ಓಡಿಸುತ್ತಾರೆ?

ಸಾಗರದಲ್ಲಿ ಒಂದು ಗಂಟೆ ನಿಂತು ಬಸ್ಸುಗಳ ನಂಬರ್ ಪ್ಲೇಟ್ ನೋಡಿ. ಕೆಎ 14 ಶಿವಮೊಗ್ಗ, ಕೆಎ 15 ಸಾಗರ, ಕೆಎ 31 ಶಿರಸಿ, ಕೆಎ 20 ಉಡುಪಿ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸರ್ಕಾರಿ ಬಸ್ಸು ಕೆಎಸ್‌ಆರ್‌ಟಿಸಿಗೆ ಸೇರಿದ್ದು. ಸೊರಬ ದಾಟಿ ಶಿರಸಿ ಕಡೆಗೆ ಹೋದರೆ ಅಲ್ಲಿಯದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಇವೆರಡರ ನಡುವೆ ಖಾಸಗಿಯವರು. ದೊಡ್ಡ ಕಂಪನಿಗಳೂ ಇವೆ, ಒಂದೇ ಒಂದು ಬಸ್ಸು ಇಟ್ಟುಕೊಂಡು ಅದರಲ್ಲೇ ಮನೆ ನಡೆಸುವವರೂ ಇದ್ದಾರೆ. ಶಿವಮೊಗ್ಗದೊಳಗೆ ಸಿಟಿ ಬಸ್ಸು ಬೇರೆ. ಆನಂದಪುರ, ಸಾಗರ ಜಂಬಗಾರು, ತಾಳಗುಪ್ಪಕ್ಕೆ ರೈಲು ಇದೆ, ಅದು ನೈರುತ್ಯ ರೈಲ್ವೆಯದು. ಶರಾವತಿ ಹಿನ್ನೀರಿನ ಲಾಂಚು ಒಳನಾಡು ಜಲಸಾರಿಗೆ ಇಲಾಖೆಯದು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಒಂಬತ್ತು ಕೌಂಟಿಗಳಿಗೆ 27 ಸಾರಿಗೆ ಸಂಸ್ಥೆಗಳಿವೆ. ಅದನ್ನು ಓದಿ ಇಷ್ಟೊಂದಾ ಅನ್ನಿಸುತ್ತದೆ. ಆದರೆ ಖಾಸಗಿ ಮಾಲೀಕರನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿದರೆ ನಮ್ಮಲ್ಲೂ ಕಡಿಮೆಯೇನಿಲ್ಲ.

ಇನ್ನೊಂದು ವಿಷಯ ನೆನಪಿನಲ್ಲಿರಲಿ. ನಮ್ಮ ರಾಜ್ಯ ಹಿಂದೆ ಒಂದೇ ಸಂಸ್ಥೆ ಇಟ್ಟುಕೊಂಡಿತ್ತು. 1948ರಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆಯಾಗಿ ಶುರುವಾಗಿದ್ದು 1961ರಲ್ಲಿ ನಿಗಮವಾಯಿತು. 1997ರಲ್ಲಿ ಅದನ್ನು ಒಡೆದು ಬೆಂಗಳೂರಿಗೆ ಬಿಎಂಟಿಸಿ, ಹುಬ್ಬಳ್ಳಿ ಕಡೆಗೆ ವಾಯವ್ಯ ಸಂಸ್ಥೆ ಮಾಡಿದರು. 2000ದಲ್ಲಿ ಕಲಬುರಗಿ ಕಡೆಗೆ ಇನ್ನೊಂದು. ಇಷ್ಟು ದೊಡ್ಡ ಸಂಸ್ಥೆಯನ್ನು ಒಂದು ಕಡೆ ಕೂತು ನಡೆಸುವುದು ಕಷ್ಟ ಅನ್ನಿಸಿತ್ತು. ಒಂದು ಮಾಡಿದರೆ ಎಲ್ಲ ಸರಿಯಾಗುತ್ತದೆ ಅನ್ನುವ ಮೊದಲು ಈ ಹಳೆಯ ಅನುಭವವನ್ನೂ ನೋಡಬೇಕು, ಅಲ್ವಾ?

ದಾರಿ 1: ಸಂಸ್ಥೆಗಳು ಹಾಗೇ ಇರಲಿ, ಟೈಮಿಂಗ್ ಮತ್ತು ಟಿಕೆಟ್ ಮಾತ್ರ ಹೊಂದಿಸಿ

ಇದು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ. ಯಾರ ಬಸ್ಸೂ ಯಾರಿಗೂ ಹೋಗುವುದಿಲ್ಲ. ಎಲ್ಲರೂ ಒಂದು ಮೇಜಿನ ಸುತ್ತ ಕೂತು ವೇಳಾಪಟ್ಟಿ ಸರಿಮಾಡಿಕೊಳ್ಳುತ್ತಾರೆ. ಒಂದೇ ಕಾರ್ಡ್ ಎಲ್ಲ ಬಸ್ಸಿನಲ್ಲೂ ನಡೆಯುತ್ತದೆ.

ಕೊಲ್ಲಿ ಪ್ರದೇಶದವರು ಮಾಡಿದ್ದು ಇದೇ. ಕ್ಲಿಪ್ಪರ್ ಅನ್ನುವ ಒಂದೇ ಕಾರ್ಡ್ ತಂದರು. ಆದರೆ ಸಂಸ್ಥೆಗಳು ಬೇರೆಬೇರೆಯಾಗಿಯೇ ಉಳಿದವು. ಪ್ರತಿಯೊಂದಕ್ಕೂ ತನ್ನದೇ ಆಡಳಿತ ಮಂಡಳಿ, ತನ್ನದೇ ದರ. ಕಾರ್ಡ್ ಒಂದಾದರೂ ಒಂದು ಸಂಸ್ಥೆಯ ಬಸ್ಸಿನಿಂದ ಇನ್ನೊಂದರ ರೈಲಿಗೆ ಹತ್ತಿದರೆ ಎರಡು ಸಲ ದುಡ್ಡು ಹೋಗುವುದು ವರ್ಷಗಟ್ಟಲೆ ಮುಂದುವರಿಯಿತು. ಸಂಸ್ಥೆಗಳನ್ನೇ ಒಂದು ಮಾಡಿ ಎಂದು ಅಲ್ಲಿ ಜನ ಕೇಳತೊಡಗಿದ್ದಕ್ಕೆ ಇದೂ ಒಂದು ಕಾರಣ.

ನಮ್ಮಲ್ಲಿ ಈ ದಾರಿಗೆ ಹೊಸ ಕಾನೂನು ಬೇಡ. ಖಾಸಗಿ ಬಸ್ಸಿಗೆ ಪರ್ಮಿಟ್ ಕೊಡುವುದು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅಂದರೆ ಆರ್‌ಟಿಎ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಅನ್ನುವುದು ಪರ್ಮಿಟ್ಟಿನ ಜೊತೆಗೇ ಬರುತ್ತದೆ. ಹಾಗಾಗಿ ಟೈಮಿಂಗ್ ಬದಲಿಸುವ ಅಧಿಕಾರ ಈಗಲೂ ಜಿಲ್ಲೆಯಲ್ಲೇ ಇದೆ.

ತೊಂದರೆ ಎಲ್ಲಿದೆ ಅಂದರೆ, ಖಾಸಗಿ ಬಸ್ಸಿನವರಿಗೆ ಟೈಮಿಂಗ್ ಅಂದರೆ ದುಡ್ಡು. ಮುಂದಿನ ಬಸ್ಸಿಗಿಂತ ಐದು ನಿಮಿಷ ಮೊದಲು ಹೊರಟರೆ ದಾರಿಯ ಜನವೆಲ್ಲ ತನಗೆ. ಐದು ನಿಮಿಷ ಹಿಂದೆ ಬಿದ್ದರೆ ಬರೀ ಸೀಟು. ಕಂಡಕ್ಟರ್ ಟಿಕೆಟ್ ಹರಿಯುತ್ತಲೇ ಮುಂದಿನ ಸ್ಟಾಪಿನಲ್ಲಿ ಇನ್ನೊಂದು ಬಸ್ಸು ಇದೆಯೋ ಇಲ್ಲವೋ ಅಂತ ಕತ್ತು ಹೊರಗೆ ಹಾಕಿ ನೋಡುತ್ತಾನೆ. ಆ ದಿನದ ಕಲೆಕ್ಷನ್ನಿನ ಮೇಲೆ ಅವನ ದಿನದ ಭತ್ಯೆ ನಿಂತಿರುವಾಗ, ಶಿವಮೊಗ್ಗದಿಂದ ತಡವಾಗಿ ಬರುವ ಬಸ್ಸಿಗಾಗಿ ಹತ್ತು ನಿಮಿಷ ಕಾಯಿ ಅಂತ ಅವನಿಗೆ ಹೇಳಿದರೆ ಹೇಗೆ ಕೇಳುತ್ತಾನೆ? ಅವನನ್ನು ಬೈದು ಪ್ರಯೋಜನವಿಲ್ಲ. ಕಾಯುವುದರಿಂದ ಆಗುವ ನಷ್ಟವನ್ನು ಯಾರಾದರೂ ತುಂಬಿಕೊಡಬೇಕು. ಈ ದಾರಿಯಲ್ಲಿ ತುಂಬಿಕೊಡುವವರು ಯಾರೂ ಇಲ್ಲ.

ಆದರೂ ಮೊದಲ ಹೆಜ್ಜೆಯಾಗಿ ಇದು ಒಳ್ಳೆಯದೇ. ರಿಪ್ಪನ್‌ಪೇಟೆಯನ್ನೇ ತೆಗೆದುಕೊಳ್ಳಿ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ನಾಲ್ಕೂ ಕಡೆಯ ದಾರಿ ಅಲ್ಲಿ ಸೇರುತ್ತವೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ನಾಲ್ಕೂ ಕಡೆಯ ಬಸ್ಸು ಅಲ್ಲಿ ಒಂದೇ ಹೊತ್ತಿಗೆ ಬಂದು ಐದು ನಿಮಿಷ ನಿಂತು ಹೊರಟರೆ, ಎಷ್ಟೋ ಹಳ್ಳಿಗಳಿಗೆ ಹೊಸ ಬಸ್ಸು ಬಿಟ್ಟಷ್ಟೇ ಉಪಕಾರ. ಸ್ವಿಟ್ಜರ್ಲೆಂಡಿನವರು 1982ರಿಂದ ದೇಶದುದ್ದಕ್ಕೂ ಇದೇ ತತ್ವದ ಮೇಲೆ ವೇಳಾಪಟ್ಟಿ ಮಾಡಿದ್ದಾರೆ. ಗಂಟೆ ಗಂಟೆಗೂ ಅದೇ ನಿಮಿಷಕ್ಕೆ ರೈಲು ಬರುತ್ತದೆ, ಬೆಟ್ಟದ ಹಳ್ಳಿಗೆ ಹೋಗುವ ಹಳದಿ ಬಸ್ಸು ನಿಲ್ದಾಣದ ಹೊರಗೆ ಅದಕ್ಕಾಗಿ ನಿಂತಿರುತ್ತದೆ. ಅದೂ ಘಟ್ಟದ ದೇಶವೇ. ಅಲ್ಲಿಯೂ ಓಡಿಸುವವರು ಹಲವರು, ವೇಳಾಪಟ್ಟಿ ಮಾತ್ರ ಒಂದು.

ದಾರಿ 2: ಎಲ್ಲವನ್ನೂ ಸೇರಿಸಿ ಒಂದೇ ಸಂಸ್ಥೆ

ಒಂದು ಬಣ್ಣ, ಒಂದು ಟಿಕೆಟ್, ಒಂದು ಪಾಸ್, ಒಬ್ಬರೇ ಜವಾಬ್ದಾರರು. ದೂರು ಕೊಡಬೇಕೆಂದರೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರುತ್ತದೆ. ಜನರಿಗೆ ಈ ದಾರಿ ಇಷ್ಟವಾಗುವುದು ಸಹಜ.

ನಮಗೆ ಹತ್ತಿರದ ಉದಾಹರಣೆ ಪುಣೆ. ಪುಣೆ ಮತ್ತು ಪಿಂಪ್ರಿ ಚಿಂಚವಾಡ ಎಂಬ ಅಂಟಿಕೊಂಡ ಎರಡು ಊರುಗಳಿಗೆ ಬೇರೆಬೇರೆ ನಗರ ಸಾರಿಗೆ ಇತ್ತು. 2007ರಲ್ಲಿ ಎರಡನ್ನೂ ಸೇರಿಸಿ ಪಿಎಂಪಿಎಂಎಲ್ ಅನ್ನುವ ಒಂದೇ ಸಂಸ್ಥೆ ಮಾಡಿದರು. ಎರಡೂ ಊರಿಗೆ ಒಂದೇ ಬಸ್ಸು, ಒಂದೇ ಪಾಸ್ ಆಯಿತು. ಅದು ನಿಜವಾದ ಲಾಭ. ಆದರೆ ನಷ್ಟವನ್ನು ಯಾರು ಕಟ್ಟಬೇಕು? ಪುಣೆ ಪಾಲಿಕೆ 60, ಪಿಂಪ್ರಿ ಚಿಂಚವಾಡ 40 ಎಂದು ಪಾಲು ಹಾಕಿಕೊಂಡರು. ಸಂಸ್ಥೆ ಒಂದಾದರೂ ಜೇಬು ಎರಡಾಗಿಯೇ ಉಳಿಯಿತು. ಸೇರಿಸಿದ ಮಾತ್ರಕ್ಕೆ ದುಡ್ಡು ಹುಟ್ಟುವುದಿಲ್ಲ ಅನ್ನುವುದನ್ನು ಇದರಿಂದ ಕಲಿಯಬೇಕು.

ಖಾಸಗಿ ಬಸ್ಸುಗಳನ್ನು ಸರ್ಕಾರ ತೆಗೆದುಕೊಂಡ ಉದಾಹರಣೆಯೂ ನಮ್ಮಲ್ಲಿದೆ. ದೇವರಾಜ ಅರಸರ ಕಾಲದಲ್ಲಿ, 1976ರ ಕಾಯ್ದೆಯ ಮೂಲಕ ಕಾಂಟ್ರ್ಯಾಕ್ಟ್ ಕ್ಯಾರೇಜ್, ಅಂದರೆ ಇಡಿಯಾಗಿ ಬಾಡಿಗೆಗೆ ಓಡುವ ಬಸ್ಸುಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಮಾಲೀಕರು ಸುಪ್ರೀಂ ಕೋರ್ಟಿನ ತನಕ ಹೋದರು, ಕಾಯ್ದೆ ಊರ್ಜಿತವಾಯಿತು. ಅಂದರೆ ಕಾನೂನಿನ ದಾರಿ ಮುಚ್ಚಿಲ್ಲ. ಆದರೆ ತೆಗೆದುಕೊಂಡರೆ ಪರಿಹಾರ ಕೊಡಬೇಕು. ನೌಕರರನ್ನು ಸೇರಿಸಿಕೊಳ್ಳಬೇಕು. ಖಾಸಗಿ ಬಸ್ಸಿನ ಡ್ರೈವರಿಗೂ ನಿಗಮದ ಡ್ರೈವರಿಗೂ ಸಂಬಳದಲ್ಲಿ ಇರುವ ಅಂತರವನ್ನು ತುಂಬಬೇಕು. ಯಾರು ಸೀನಿಯರ್, ಯಾರು ಜೂನಿಯರ್ ಅನ್ನುವ ಜಗಳವನ್ನು ಬಿಡಿಸಬೇಕು.

ಮಲೆನಾಡಿಗೆ ಇದರಲ್ಲಿ ಎರಡು ಆತಂಕಗಳಿವೆ.

ಒಂದು, ನಮ್ಮ ದಾರಿಗಳು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಉದ್ದನೆಯ ಬಸ್ಸು ನಡೆಯುವುದಿಲ್ಲ, ಮಿನಿ ಬಸ್ಸೇ ಬೇಕು. ಹಳ್ಳಿಯ ಒಳದಾರಿಗಳಿಗೂ ಸಣ್ಣ ಬಸ್ಸೇ ಸರಿ. ದೊಡ್ಡ ಸಂಸ್ಥೆಯೊಂದು ಬಸ್ಸು ಕೊಳ್ಳುವಾಗ ಒಂದೇ ಅಳತೆಯವನ್ನು ನೂರುಗಟ್ಟಲೆ ಕೊಳ್ಳುತ್ತದೆ. ನಮ್ಮ ಘಾಟಿಗೆ ಹತ್ತು ಸಣ್ಣ ಬಸ್ಸು ಬೇಕು ಅನ್ನುವುದು ಆ ಲೆಕ್ಕದಲ್ಲಿ ಸುಲಭವಾಗಿ ಕಳೆದುಹೋಗುತ್ತದೆ.

ಇನ್ನೊಂದು, ಇದನ್ನು ಹೇಳಲೇಬೇಕು. ನಮ್ಮ ಕಡೆಯ ಬಸ್ಸು ಬರೀ ಜನರನ್ನು ಸಾಗಿಸುವ ಗಾಡಿಯಲ್ಲ. ಬೆಳಗಿನ ಬಸ್ಸಿನಲ್ಲಿ ಪೇಪರ್ ಕಟ್ಟು ಬರುತ್ತದೆ. ಪಂಪ್‌ಸೆಟ್ಟಿನ ಸಾಮಾನು ಬೇಕಾದರೆ ಶಿವಮೊಗ್ಗದ ಅಂಗಡಿಗೆ ಫೋನ್ ಮಾಡುತ್ತೇವೆ, ಅವರು ಬಸ್ಸಿಗೆ ಹಾಕಿ ಕಳಿಸುತ್ತಾರೆ. ನನ್ನ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬರುವುದು ಹಾಗೆಯೇ. ಕಂಡಕ್ಟರ್ ಎದೆ ಜೇಬಿನಿಂದ ಪೊಟ್ಟಣ ತೆಗೆದು, "ಹೆಗ್ಡೇರಿಗೆ ಕೊಡಿ, ಊಟಕ್ಕೆ ಮೊದಲು ಒಂದು ಅಂತ ಹೇಳಿದ್ದಾರೆ" ಅಂತ ದಣಪೆಯ (ಬೇಲಿಯ ಬಾಗಿಲಿನ) ಹತ್ತಿರ ನಿಂತ ಹುಡುಗನ ಕೈಗೆ ಇಡುತ್ತಾನೆ. ಸ್ಟಾಪ್ ಇಲ್ಲದಿದ್ದರೂ ಅಲ್ಲಿ ಬಸ್ಸು ಅರ್ಧ ನಿಮಿಷ ನಿಲ್ಲುತ್ತದೆ. ಯಾವ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಅವನಿಗೆ ಗೊತ್ತು. ಡಿಪೋ ಬದಲಾಗಿ, ಡ್ಯೂಟಿ ಬದಲಾಗಿ, ದಿನಕ್ಕೊಬ್ಬ ಕಂಡಕ್ಟರ್ ಬಂದರೆ ಇದು ಉಳಿಯುವುದು ಕಷ್ಟ. ಯಾವ ಯೋಜನೆಯ ಕಾಗದದಲ್ಲೂ ಈ ಅರ್ಧ ನಿಮಿಷಕ್ಕೆ ಜಾಗ ಇರುವುದಿಲ್ಲ. ಅದಕ್ಕೇ ನಾವು ಮೊದಲೇ ಬರೆಸಿಡಬೇಕು.

ಇನ್ನು ಮುಷ್ಕರದ ವಿಷಯ. 2021ರ ಏಪ್ರಿಲ್‌ನಲ್ಲಿ ನಿಗಮಗಳ ನೌಕರರು ಸಂಬಳಕ್ಕಾಗಿ ಎರಡು ವಾರ ಮುಷ್ಕರ ಮಾಡಿದರು. ಅವರ ಬೇಡಿಕೆಯಲ್ಲಿ ನ್ಯಾಯವಿತ್ತು. ಆದರೆ ಆ ದಿನಗಳಲ್ಲಿ ನಾವು ಓಡಾಡಿದ್ದು ಖಾಸಗಿ ಬಸ್ಸುಗಳಲ್ಲಿ. ಒಂದೇ ಸಂಸ್ಥೆ ಆದ ಮೇಲೆ ಆ ಇನ್ನೊಂದು ಬಾಗಿಲು ಇರುವುದಿಲ್ಲ.

ದಾರಿ 3: ಮೇಲೆ ಒಂದು ಪ್ರಾಧಿಕಾರ, ಕೆಳಗೆ ಹಲವು ಬಸ್ಸಿನವರು

ನನಗೆ ಸರಿ ಕಾಣುವುದು ಇದು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇದರಲ್ಲಿ ಬಸ್ಸು ಯಾರದ್ದಾದರೂ ಇರಲಿ, ದಾರಿ, ಟೈಮು, ದರ, ಟಿಕೆಟ್ ನಾಲ್ಕನ್ನೂ ಒಂದೇ ಪ್ರಾಧಿಕಾರ ತೀರ್ಮಾನ ಮಾಡುತ್ತದೆ. ಬಸ್ಸಿನವರು ಆ ಪಟ್ಟಿಯ ಪ್ರಕಾರ ಓಡಿಸುತ್ತಾರೆ. ಜರ್ಮನಿಯ ಹ್ಯಾಂಬರ್ಗ್ 1965ರಲ್ಲಿ ಇಂಥ ಒಕ್ಕೂಟ ಕಟ್ಟಿತು, ಜಗತ್ತಿನಲ್ಲಿ ಅದೇ ಮೊದಲನೆಯದು. 1990ರಲ್ಲಿ ಜೂರಿಕ್ ಪ್ರದೇಶ ಅದೇ ದಾರಿ ಹಿಡಿಯಿತು. ಲಂಡನ್ನಿನ ಕೆಂಪು ಬಸ್ಸುಗಳನ್ನು ಓಡಿಸುವುದು ಖಾಸಗಿ ಕಂಪನಿಗಳು. ಆದರೆ ದಾರಿ, ದರ, ಬಣ್ಣ ತೀರ್ಮಾನಿಸುವುದು ನಗರದ ಸಾರಿಗೆ ಪ್ರಾಧಿಕಾರ. ಟಿಕೆಟ್ಟಿನ ದುಡ್ಡು ಪ್ರಾಧಿಕಾರಕ್ಕೆ ಹೋಗುತ್ತದೆ, ಬಸ್ಸಿನವರಿಗೆ ಓಡಿಸಿದ ಕೆಲಸಕ್ಕೆ ಹಣ ಸಿಗುತ್ತದೆ.

ಬ್ರಿಟನ್ನಿನ ಉಳಿದ ಭಾಗದಲ್ಲಿ ಏನಾಯಿತು ಅನ್ನುವುದು ಇನ್ನೂ ಮುಖ್ಯ. 1986ರಲ್ಲಿ ಲಂಡನ್ ಬಿಟ್ಟು ಉಳಿದ ಕಡೆ ಬಸ್ಸನ್ನು ಪೂರ್ತಿ ಪೈಪೋಟಿಗೆ ಬಿಟ್ಟರು. ಲಾಭದ ದಾರಿಗಳಲ್ಲಿ ಬಸ್ಸಿನ ಮೇಲೆ ಬಸ್ಸು. ನಷ್ಟದ ದಾರಿಗೆ ಯಾರಾದರೂ ದುಡ್ಡು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಶಿವಮೊಗ್ಗ–ತೀರ್ಥಹಳ್ಳಿ ದಾರಿಯನ್ನೂ ಅದರ ಒಳಗಿನ ಹಳ್ಳಿದಾರಿಗಳನ್ನೂ ನೋಡಿದವರಿಗೆ ಈ ಚಿತ್ರ ಹೊಸದಲ್ಲ. ಕೊನೆಗೆ ಹತ್ತು ಸ್ಥಳೀಯ ಆಡಳಿತಗಳು ಸೇರಿರುವ ಗ್ರೇಟರ್ ಮ್ಯಾಂಚೆಸ್ಟರ್ ಬಸ್ಸುಗಳನ್ನು ಮತ್ತೆ ಸಾರ್ವಜನಿಕ ಹಿಡಿತಕ್ಕೆ ತಂದಿತು. 2023ರ ಸೆಪ್ಟೆಂಬರ್‌ನಲ್ಲಿ ಶುರುಮಾಡಿ, ಹಂತ ಹಂತವಾಗಿ 2025ರ ಜನವರಿಗೆ ಮುಗಿಸಿದರು. ಬಸ್ಸು ಓಡಿಸುವುದು ಈಗಲೂ ಕಂಪನಿಗಳೇ.

ದಕ್ಷಿಣ ಕೊರಿಯಾದ ಸೋಲ್ ನಗರ 2004ರ ಜುಲೈ 1ರಂದು ಒಂದೇ ದಿನಕ್ಕೆ ಬದಲಾಯಿಸಿತು. ಅಲ್ಲಿಯೂ ನಮ್ಮ ಹಾಗೆ ಖಾಸಗಿ ಬಸ್ಸಿನವರು ಪ್ರಯಾಣಿಕರಿಗಾಗಿ ಓಟ ಓಡುತ್ತಿದ್ದರು. ನಗರ ಅವರ ಬಸ್ಸು ಕಿತ್ತುಕೊಳ್ಳಲಿಲ್ಲ. ಕಲೆಕ್ಷನ್ ಎಲ್ಲ ಒಂದು ಕಡೆ ಸೇರಲಿ, ನಿಮಗೆ ಓಡಿಸಿದ ಕಿಲೋಮೀಟರಿಗೆ ದುಡ್ಡು ಅಂದಿತು. ಬಸ್ಸಿನಿಂದ ಬಸ್ಸಿಗೆ, ಬಸ್ಸಿನಿಂದ ರೈಲಿಗೆ ಬದಲಾಯಿಸಿದರೂ ಒಟ್ಟು ದೂರಕ್ಕೆ ಮಾತ್ರ ದರ. ಮೊದಲ ದಿನಗಳಲ್ಲಿ ಕಾರ್ಡ್ ಯಂತ್ರ ಕೆಟ್ಟು ಜನ ಪರದಾಡಿದರು. ಆಮೇಲೆ ಸರಿಹೋಯಿತು. ಆದರೆ ನಗರ ಕೊಡುವ ಸಹಾಯಧನ ಬೆಳೆಯಿತು. ಅದನ್ನು ಮುಚ್ಚಿಡಬಾರದು.

ಈ ಕಿಲೋಮೀಟರ್ ಲೆಕ್ಕವೇ ಎಲ್ಲದರ ಕೀಲಿ. ಒಂದು ಬಸ್ಸು ದಿನಕ್ಕೆ 200 ಕಿಲೋಮೀಟರ್ ಓಡುತ್ತದೆ ಅಂತ ಇಟ್ಟುಕೊಳ್ಳಿ. ಈಗ ಅದರ ಮಾಲೀಕರಿಗೆ ರಾತ್ರಿಯ ಕೊನೆಯ ಟ್ರಿಪ್ಪಿನಲ್ಲಿ ಆರು ಜನ ಇದ್ದರೆ ಡೀಸೆಲ್ಲಿಗೂ ಸಾಲುವುದಿಲ್ಲ. ಹಾಗಾಗಿ ಆ ಟ್ರಿಪ್ ಮೊದಲು ವಾರಕ್ಕೆರಡು ದಿನ ತಪ್ಪುತ್ತದೆ. ಆಮೇಲೆ ನಿಂತೇಹೋಗುತ್ತದೆ. ಕಿಲೋಮೀಟರಿಗೆ ದುಡ್ಡು ಅಂತಾದರೆ ಆರು ಜನ ಇದ್ದರೂ ಅರವತ್ತು ಜನ ಇದ್ದರೂ ಅವರಿಗೆ ಸಿಗುವುದು ಅಷ್ಟೇ. ಟ್ರಿಪ್ ತಪ್ಪಿಸಿದರೆ ದಂಡ. ಕಾಯಬೇಕಾದ ಕಡೆ ಕಾಯುತ್ತಾರೆ, ಯಾಕೆಂದರೆ ಕಾಯುವುದರಿಂದ ಅವರಿಗೆ ನಷ್ಟವಿಲ್ಲ. ಓಟದ ಪೈಪೋಟಿ ನಿಲ್ಲುತ್ತದೆ. ಘಟ್ಟದ ತಿರುವಿನಲ್ಲಿ ಓವರ್‌ಟೇಕ್ ಮಾಡುವ ಅವಸರ ಕಡಿಮೆಯಾಗುತ್ತದೆ. ಇದು ಜೀವ ಉಳಿಸುವ ಮಾತು.

ದುಡ್ಡು ಎಲ್ಲಿಂದ? ಇಲ್ಲಿ ಶಕ್ತಿ ಯೋಜನೆ ಬರುತ್ತದೆ. 2023ರ ಜೂನ್ 11ರಿಂದ ನಾಲ್ಕು ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ಕೊಡುತ್ತದೆ. ಖಾಸಗಿ ಬಸ್ಸಿನಲ್ಲಿ ಇದು ಇಲ್ಲ. ಭದ್ರಾವತಿಯ ಹೆಣ್ಣುಮಗಳು ಉಚಿತವಾಗಿ ಓಡಾಡುತ್ತಾಳೆ. ಖಾಸಗಿ ಬಸ್ಸು ಮಾತ್ರ ಇರುವ ಹಳ್ಳಿಯ ಕೂಲಿ ಹೆಂಗಸು ದಿನಾ ಪೂರ್ತಿ ಟಿಕೆಟ್ ಕೊಡುತ್ತಾಳೆ. ಇಬ್ಬರೂ ಒಂದೇ ಜಿಲ್ಲೆಯವರು. ಹೀಗಿರುವುದು ಸರಿಯಲ್ಲ. ಪ್ರಾಧಿಕಾರ ಒಪ್ಪಂದದ ಮೇಲೆ ಖಾಸಗಿ ಬಸ್ಸು ಓಡಿಸಿದರೆ ಅದು ಸಾರ್ವಜನಿಕ ಬಸ್ಸೇ ಆಗುತ್ತದೆ. ಆಗ ಶೂನ್ಯ ಟಿಕೆಟ್ಟನ್ನು ಅಲ್ಲಿಗೂ ತರಲು ದಾರಿ ಸಿಗುತ್ತದೆ. ಶಕ್ತಿಯ ದುಡ್ಡು ಆಗ ಕೊನೆಯ ಹಳ್ಳಿಯ ತನಕ ಬರುತ್ತದೆ. ಸರ್ಕಾರದ ಮುಂದೆ ಇದನ್ನು ಗಟ್ಟಿಯಾಗಿ ಕೇಳಬೇಕು.

ಈ ದಾರಿಯ ದೊಡ್ಡ ಅಪಾಯ, ಪ್ರಾಧಿಕಾರ ಬರೀ ಬೋರ್ಡು ಆಗಿಬಿಡುವುದು. ಚೆನ್ನೈಗೆ ಇಂಥ ಪ್ರಾಧಿಕಾರ ಮಾಡಲು 2010ರಲ್ಲೇ ಕಾಯ್ದೆ ಆಯಿತು. ಅದು ನಿಜವಾಗಿ ಕೆಲಸಕ್ಕೆ ಇಳಿಯಲು ಹತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಬೆಂಗಳೂರಿಗೂ 2022ರಲ್ಲಿ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಮಹಾನಗರಗಳಿಗೇ ಇಷ್ಟು ಸಮಯ ಹಿಡಿದರೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಮೂರನ್ನೂ ಸೇರಿಸಿ ಒಂದು ಮಾಡಲು ಸುಮ್ನೆ ಕೂತರೆ ಆಗುವುದಿಲ್ಲ. ಪ್ರಾಧಿಕಾರ ಬೇಕು ಅನ್ನುವಾಗಲೇ ಅದರ ಕೈಗೆ ಪರ್ಮಿಟ್ ಕೊಡುವ ಅಧಿಕಾರ ಬೇಕು, ಅದರದ್ದೇ ಖಾತೆಯಲ್ಲಿ ದುಡ್ಡು ಬೇಕು ಅಂತಲೂ ಕೇಳಬೇಕು. ಇವೆರಡು ಇಲ್ಲದ ಪ್ರಾಧಿಕಾರ ಮೀಟಿಂಗ್ ಮಾಡುತ್ತದೆ, ಬಸ್ಸು ಬಿಡುವುದಿಲ್ಲ.

ದಾರಿ 4: ಸಹಕಾರಿ ಸಾರಿಗೆ

ಇದು ನಮ್ಮದೇ ಮಲೆನಾಡಿನ ದಾರಿ. ಶಂಕರ್ ಟ್ರಾನ್ಸ್‌ಪೋರ್ಟ್ ಅನ್ನುವ ಖಾಸಗಿ ಬಸ್ ಕಂಪನಿ ನಿಂತಾಗ ಅದರ ಕಾರ್ಮಿಕರು ಮನೆಗೆ ಹೋಗಿ ಕೂರಲಿಲ್ಲ. 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರೂ ಮಾಲೀಕರೇ. ಕೆಲವೇ ಬಸ್ಸುಗಳಿಂದ ಶುರುವಾಗಿ ಹತ್ತಾರು ಬಸ್ಸುಗಳಾದವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ತೀರ್ಥಹಳ್ಳಿಯ ಹಳ್ಳಿ ಹಳ್ಳಿಗೆ ಹೋದವು. ಎಷ್ಟೋ ಮಕ್ಕಳು ಕಾಲೇಜು ಕಲಿತಿದ್ದು ಆ ಬಸ್ಸಿನಿಂದ.

2020ರ ಫೆಬ್ರವರಿಯಲ್ಲಿ ಅದು ನಿಂತಿತು. ಡೀಸೆಲ್ ಬೆಲೆ ಏರಿತು, ತೆರಿಗೆ ಕಟ್ಟಬೇಕಿತ್ತು, ಕಲೆಕ್ಷನ್ ಸಾಲದಾಯಿತು. ಮೂವತ್ತು ವರ್ಷ ಹತ್ತಿರ ಹತ್ತಿರ ನಡೆಸಿದವರಿಗೆ ನಡೆಸಲು ಬರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಸಾರ್ವಜನಿಕ ಸೇವೆ ಮಾಡುತ್ತಿದ್ದರು, ಆದರೆ ಅದಕ್ಕೆ ಸಾರ್ವಜನಿಕ ಹಣದ ಆಧಾರ ಇರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮೂರನೇ ದಾರಿಯ ಪ್ರಾಧಿಕಾರ ಆಗ ಇದ್ದಿದ್ದರೆ, ಕಿಲೋಮೀಟರಿಗೆ ಇಷ್ಟು ಅಂತ ಒಪ್ಪಂದ ಮಾಡಿಕೊಳ್ಳಲು ಅವರಿಗಿಂತ ಒಳ್ಳೆಯವರು ಯಾರು ಸಿಗುತ್ತಿದ್ದರು? ಹಾಗಾಗಿ ಸಹಕಾರವನ್ನು ಬೇರೆ ದಾರಿ ಅಂತ ನೋಡುವುದಕ್ಕಿಂತ ಮೂರನೇ ದಾರಿಯೊಳಗೆ ಬಸ್ಸು ಓಡಿಸುವವರಲ್ಲಿ ಒಬ್ಬರಾಗಿ ನೋಡುವುದು ಸರಿ. ಒಂದೊಂದು ಬಸ್ಸು ಇರುವ ಮಾಲೀಕರು ಸೇರಿ ಸಂಘ ಮಾಡಿಕೊಂಡರೆ ಅವರೂ ಒಪ್ಪಂದಕ್ಕೆ ಬರಬಹುದು. ಇಲ್ಲದಿದ್ದರೆ ದೊಡ್ಡ ಕಂಪನಿಯ ಎದುರು ಅವರು ಉಳಿಯುವುದಿಲ್ಲ.

ನೀವು ಎಲ್ಲಿದ್ದೀರಿ ಅನ್ನುವುದರ ಮೇಲೆ

ಶಿವಮೊಗ್ಗ–ಭದ್ರಾವತಿ ನಡುವೆ ಓಡಾಡುವವರಿಗೆ ಬಸ್ಸಿನ ಕೊರತೆಯಿಲ್ಲ. ಅವರಿಗೆ ಮೊದಲ ದಾರಿಯೇ ಸಾಕು. ಯಾವ ಬಸ್ಸಿನಲ್ಲೂ ನಡೆಯುವ ಒಂದು ತಿಂಗಳ ಪಾಸ್ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಸೊರಬ, ಸಿದ್ದಾಪುರ, ಶಿರಸಿ ಕಡೆಯವರಿಗೆ ಇರುವುದು ಎರಡು ನಿಗಮಗಳ ಗಡಿಯ ಪ್ರಶ್ನೆ. ನಿಗಮಗಳನ್ನು ಮತ್ತೆ ಸೇರಿಸುವ ತನಕ ಕಾಯಬೇಕಾಗಿಲ್ಲ. ಎರಡೂ ಕಡೆಯ ವಿಭಾಗದ ಅಧಿಕಾರಿಗಳು ಒಟ್ಟಿಗೆ ಕೂತು ಒಂದೇ ವೇಳಾಪಟ್ಟಿ ಅಚ್ಚು ಹಾಕಿಸಿದರೆ ಆಗುತ್ತದೆ.

ತುಮರಿ, ಕರೂರು ಕಡೆಯವರ ಪರಿಸ್ಥಿತಿ ಬೇರೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಎರಡು ತಲೆಮಾರು ಲಾಂಚಿಗೆ ಕಾದರು. ಈ ಕಡೆಯ ಬಸ್ಸು, ಲಾಂಚು, ಆ ಕಡೆಯ ಗಾಡಿ. ಮೂರರಲ್ಲಿ ಒಂದು ತಪ್ಪಿದರೂ ದಿನ ಹಾಳು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಈಗ ಬಸ್ಸು ನೇರವಾಗಿ ಹೋಗಬಹುದು. ಆದರೆ ಸಿಗಂದೂರಿಗೆ ಹೋಗುವ ಯಾತ್ರಿಕರ ಹೊತ್ತಿಗೆ ಬಸ್ಸು ಸಿಗುವುದು ಬೇರೆ, ಅಲ್ಲಿಯ ಮಕ್ಕಳ ಶಾಲೆಯ ಹೊತ್ತಿಗೆ, ಸಾಗರದ ಆಸ್ಪತ್ರೆಯ ಹೊತ್ತಿಗೆ ಸಿಗುವುದು ಬೇರೆ. ಮಾರುಕಟ್ಟೆಗೆ ಬಿಟ್ಟರೆ ಯಾತ್ರಿಕರ ಹೊತ್ತೇ ಗೆಲ್ಲುತ್ತದೆ. ಹೊಸ ದಾರಿ ಆದ್ದರಿಂದ ಇಲ್ಲಿ ಹಳೆಯ ಪರ್ಮಿಟ್ಟುಗಳ ಜಗಳವೂ ಕಡಿಮೆ. ಕಿಲೋಮೀಟರ್ ಒಪ್ಪಂದವನ್ನು ಪ್ರಯೋಗ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಒಳಹಳ್ಳಿಯವರು ಮೂರನೇ ದಾರಿಯನ್ನೇ ಕೇಳಿ. ಮೂರು ವಿಷಯಗಳನ್ನು ಬಿಟ್ಟುಕೊಡಬೇಡಿ. ಬೆಳಗಿನ ಮೊದಲ ಬಸ್ಸು, ರಾತ್ರಿ ಊರಿನಲ್ಲೇ ಉಳಿಯುವ ಹಾಲ್ಟಿಂಗ್ ಬಸ್ಸು, ಕೈ ಅಡ್ಡ ಹಿಡಿದ ಕಡೆ ನಿಲ್ಲಿಸುವ ಪದ್ಧತಿ. ಬಸ್ಸಿನ ಬಣ್ಣ, ಹೆಸರು, ಆ್ಯಪ್ ಇವುಗಳ ಬಗ್ಗೆ ಆಮೇಲೆ ಮಾತಾಡಬಹುದು.

ಪ್ರಾಧಿಕಾರ ಬರುವ ತನಕ ಮಾಡಬಹುದಾದ ಕೆಲಸ ಒಂದಿದೆ. ಟೈಮಿಂಗ್ ಬದಲಿಸಲು ಆರ್‌ಟಿಎ ಕಾರ್ಯದರ್ಶಿಗೆ ಅರ್ಜಿ ಕೊಡಬಹುದು. ಆರ್‌ಟಿಒ ಅವರೇ ಕಾರ್ಯದರ್ಶಿ. ಬಸ್ಸು ಸರಿಯಿಲ್ಲ ಅಂತ ಬರೆದರೆ ಏನೂ ಆಗುವುದಿಲ್ಲ. ಯಾವ ಬಸ್ಸು, ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಜನ ಅನ್ನುವುದು ಬೇಕು. ನಾನು ಮತ್ತು ಪಕ್ಕದ ಮನೆಯ ಅಕ್ಕ ನಾಲ್ಕು ವಾರ, ಪ್ರತಿ ಮಂಗಳವಾರ ಸಂಜೆ ನಿಲ್ದಾಣದಲ್ಲಿ ನಿಂತು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದೆವು. ಬಂದ ಬಸ್ಸಿನ ಸಮಯ ಎಡಗಡೆ, ಹೊರಟ ಬಸ್ಸಿನ ಸಮಯ ಬಲಗಡೆ, ತಪ್ಪಿಸಿಕೊಂಡವರ ಸಂಖ್ಯೆ ನಡುವೆ. ಮೂರನೇ ವಾರಕ್ಕೆ ಏಜೆಂಟೇ ಬಂದು, "ಅಕ್ಕ, ನಿನ್ನೆ ಐದು ಜನ ಉಳಿದ್ರು, ಅದನ್ನೂ ಬರ್ಕೊಳ್ಳಿ" ಅಂದ. ಅರ್ಜಿಯಲ್ಲಿ ಕೇಳಿದ್ದು ಇಷ್ಟೇ: ಸಂಜೆಯ ಕೊನೆಯ ಬಸ್ಸು ಹದಿನೈದು ನಿಮಿಷ ತಡವಾಗಿ ಹೊರಡಲಿ. ಆ ಪುಟಗಳ ಜೆರಾಕ್ಸ್ ಮಾಡಿಸಿ, ಊರಿನ 43 ಜನರ ಸಹಿ ಹಾಕಿಸಿ, ಜೊತೆಗೆ ಇಟ್ಟು ಕೊಟ್ಟು ಬಂದಿದ್ದೇವೆ.